ಶಕ್ತಿ ಮಾತ್ರೆಯ ಲೆಕ್ಕ ಇಡುವವರು ಯಾರು?

ಶಿವಮೊಗ್ಗದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಹೋದ ಬೇಸಿಗೆಯಲ್ಲಿ ವಿಪರೀತ ಬಾಯಾರಿಕೆ ಶುರುವಾಯಿತು. ಸೆಕೆಗೆ ಇರಬೇಕು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಊಟ ಸೇರದಾಯಿತು. ಹೊಟ್ಟೆ ಕಟ್ಟಿತು. ರಾತ್ರಿ ನಾಲ್ಕೈದು ಸಲ ಎದ್ದು ಬಚ್ಚಲಿಗೆ ಹೋಗುವುದು ಮಾಮೂಲಾಯಿತು. "ಎಷ್ಟು ನೀರು ಕುಡಿದ್ರೂ ಬಾಯಿ ಒಣಗುತ್ತೆ ಕಣೋ" ಎಂದು ಫೋನಿನಲ್ಲಿ ಹೇಳಿದಾಗ ನನಗೆ ಹೊಳೆದಿದ್ದು ಸಕ್ಕರೆ ಕಾಯಿಲೆ. ಪರೀಕ್ಷೆ ಮಾಡಿಸಿದರೆ ಸಕ್ಕರೆ ಸರಿಯಾಗಿಯೇ ಇತ್ತು. ಕೊನೆಗೊಂದು ಬೆಳಿಗ್ಗೆ ಸ್ವಂತ ಮಗಳ ಹೆಸರಿಗೆ ತಡಕಾಡಿದಾಗ ಎಲ್ಲರಿಗೂ ಗಾಬರಿಯಾಗಿ ಆಸ್ಪತ್ರೆಗೆ ಸೇರಿಸಿದರು. ರಕ್ತದಲ್ಲಿ ಕ್ಯಾಲ್ಸಿಯಂ 13.8 ಇತ್ತು. ಅದು ಹೆಚ್ಚೆಂದರೆ ಹತ್ತೂವರೆ ಇರಬೇಕು. ಕಿಡ್ನಿ ಕೂಡ ಏಟು ತಿಂದಿತ್ತು.

"ಏನೇನು ಮಾತ್ರೆ ತಗೋತಿದ್ದೀರಿ ಅಮ್ಮಾ?" ಎಂದು ಡಾಕ್ಟರ್ ಕೇಳಿದರು.

"ಬಿಪಿದು ಒಂದು. ಉಳಿದಿದ್ದೆಲ್ಲ ಸುಮ್ನೆ ಶಕ್ತಿ ಮಾತ್ರೆ."

ಆ 'ಸುಮ್ನೆ'ಯ ಪಟ್ಟಿ ಮನೆಯಲ್ಲಿ ಒಂದು ಹಳೆಯ ಸ್ವೀಟ್ ಡಬ್ಬಿಯೊಳಗೆ ಸಿಕ್ಕಿತು. ಕ್ಯಾಲ್ಸಿಯಂ ಮಾತ್ರೆ, ಅದರಲ್ಲೂ ಸ್ವಲ್ಪ ವಿಟಮಿನ್ ಡಿ. ಅಮೆರಿಕದಿಂದ ಮಗ ತಂದುಕೊಟ್ಟ ಮಲ್ಟಿವಿಟಮಿನ್ ಡಬ್ಬಿ, ಅದರಲ್ಲೂ ಡಿ. ಜೊತೆಗೆ ನಾಲ್ಕು ನಾಲ್ಕು ಗುಳಿಗೆಗಳ ಸಣ್ಣ ಸ್ಟ್ರಿಪ್‌ಗಳು. ಮುಟ್ಟಿದರೆ ಮೆತ್ತಗೆ, ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಮೇಲೆ ವಿಟಮಿನ್ ಡಿ3, 60,000 ಐಯು (ಅಂದರೆ ಯೂನಿಟ್) ಎಂದು ಬರೆದಿತ್ತು. ಮೊಣಕಾಲು ನೋವೆಂದು ಹೋದಾಗ ಡಾಕ್ಟರು ಬರೆದುಕೊಟ್ಟಿದ್ದು ಇದನ್ನೇ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಸರಿಯಾಗಿಯೇ ಬರೆದಿದ್ದರು: ವಾರಕ್ಕೊಂದು, ಎಂಟು ವಾರ. ದೊಡ್ಡಮ್ಮ ಅದನ್ನು ದಿನಕ್ಕೊಂದರಂತೆ ಎರಡೂವರೆ ತಿಂಗಳು ನುಂಗಿದ್ದರು.

ದೊಡ್ಡಮ್ಮನನ್ನು ಬೈಯುವ ಮೊದಲು ಸ್ಟ್ರಿಪ್ಪಿನ ಬೆನ್ನು ನೋಡಬೇಕು. ಮೆಡಿಕಲ್ ಶಾಪಿನವನು ಮಾರ್ಕರ್ ಪೆನ್ನಿನಲ್ಲಿ 1-0-0 ಎಂದು ಗೀಚಿದ್ದ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಭಾಷೆ ಅದು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. ಓದು ಬರಹ ಅಷ್ಟಾಗಿ ಬಾರದವರೂ ಇದನ್ನು ಓದುತ್ತಾರೆ. ಆದರೆ ಈ ಮೂರು ಅಂಕಿಯ ಭಾಷೆಯಲ್ಲಿ 'ವಾರ' ಎಂಬ ಪದವೇ ಇಲ್ಲ! ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ ಜಾಗ ಇದೆ, ಭಾನುವಾರಕ್ಕೆ ಜಾಗ ಇಲ್ಲ. ಬಿಪಿ ಮಾತ್ರೆಯ ಮೇಲೂ 1-0-0, ಇದರ ಮೇಲೂ 1-0-0. ಎರಡನ್ನೂ ಒಂದೇ ಥರ ನುಂಗದೆ ಇನ್ನೇನು ಮಾಡುತ್ತಾರೆ?

ಈಗ ಸ್ವಲ್ಪ ಲೆಕ್ಕ. ಅತಿಯಾದರೆ ಅಮೃತವೂ ವಿಷ ಅಂತ ನಾವೆಲ್ಲ ಹೇಳುತ್ತೇವೆ. ಎಷ್ಟಾದರೆ ಅತಿ ಅಂತ ಗಾದೆ ಹೇಳುವುದಿಲ್ಲ, ಅದೇ ತೊಂದರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ವಿಟಮಿನ್ ಡಿ ಸಾಕು. ಡಾಕ್ಟರ ಕಣ್ಗಾವಲು ಇಲ್ಲದೆ ದಿನವೂ ತೆಗೆದುಕೊಳ್ಳುವುದಾದರೆ 4,000 ಯೂನಿಟ್ ದಾಟಬಾರದು. ಅಂದರೆ 60,000ದ ಒಂದು ಗುಳಿಗೆ ಎಂದರೆ ನೂರು ದಿನದ ರೇಷನ್. ದೊಡ್ಡಮ್ಮ ನುಂಗಿದ 75 ಗುಳಿಗೆ 7,500 ದಿನಕ್ಕೆ ಸಾಕಾಗುವಷ್ಟು. ಇಪ್ಪತ್ತು ವರ್ಷಕ್ಕಾಗುವಷ್ಟನ್ನು ಎರಡೂವರೆ ತಿಂಗಳಲ್ಲಿ ಮುಗಿಸಿದ್ದರು. ಯೂನಿಟ್ಟಿನಲ್ಲಿ ಹೇಳಿದರೆ 45 ಲಕ್ಷ. ಅದಕ್ಕೆ 19 ಸ್ಟ್ರಿಪ್ ಬೇಕು. 19 ಸಲವೂ ಅಂಗಡಿಯಲ್ಲಿ ಯಾರೂ "ಅಜ್ಜಿ, ಇದು ತಿಂಗಳಿಗಾಗೋ ಸ್ಟ್ರಿಪ್ ಅಲ್ವಾ?" ಎಂದು ಕೇಳಲಿಲ್ಲ. ಒಂದು ಸ್ಟ್ರಿಪ್ಪಿನಲ್ಲಿ ನಾಲ್ಕೇ ಗುಳಿಗೆ ಯಾಕಿವೆ ಎಂದು ನಾವೂ ಯಾವತ್ತೂ ಯೋಚಿಸಿರಲಿಲ್ಲ.

ಇಷ್ಟು ಡಿ ಒಳಗೆ ಹೋದರೆ ಆಗುವುದೇನು? ಈ ವಿಟಮಿನ್ನಿನ ಮುಖ್ಯ ಕೆಲಸ ಕರುಳು ಊಟದಿಂದ ಕ್ಯಾಲ್ಸಿಯಂ ಹೀರುವಂತೆ ಮಾಡುವುದು. ಮಿತಿಯಲ್ಲಿದ್ದರೆ ಒಳ್ಳೆಯದು. ಮಿತಿ ಮೀರಿದರೆ ಕರುಳು ಸಿಕ್ಕಿದ್ದನ್ನೆಲ್ಲ ಹೀರುತ್ತದೆ, ಮೂಳೆಯಿಂದಲೂ ಕ್ಯಾಲ್ಸಿಯಂ ಕಳಚಿ ರಕ್ತಕ್ಕೆ ಬರುತ್ತದೆ. ಮೂಳೆ ಗಟ್ಟಿಯಾಗಲಿ ಎಂದು ತೆಗೆದುಕೊಂಡಿದ್ದು ಮೂಳೆಯನ್ನೇ ಕರಗಿಸಲು ಹೊರಡುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗ ಕಿಡ್ನಿಗೆ ನೀರನ್ನು ಹಿಡಿದಿಡುವ ಶಕ್ತಿ ಹೋಗುತ್ತದೆ. ಅದಕ್ಕೇ ಪದೇ ಪದೇ ಮೂತ್ರ, ಅದಕ್ಕೇ ಆ ಬಾಯಾರಿಕೆ. ನೀರು ಕಡಿಮೆಯಾದಷ್ಟೂ ಕ್ಯಾಲ್ಸಿಯಂ ಇನ್ನೂ ಗಟ್ಟಿಯಾಗುತ್ತದೆ. ವಾಕರಿಕೆ, ಮಲಬದ್ಧತೆ, ಸುಸ್ತು, ಮರೆವು ಎಲ್ಲ ಒಂದರ ಹಿಂದೆ ಒಂದು. ಕಿಡ್ನಿಯಲ್ಲಿ ಕಲ್ಲಾಗಬಹುದು, ಕಿಡ್ನಿಯೇ ಕೈ ಕೊಡಬಹುದು. ಇದರಲ್ಲಿ ಯಾವುದೂ 'ವಿಟಮಿನ್ ಜಾಸ್ತಿಯಾಗಿದೆ' ಎಂದು ಬೋರ್ಡು ಹಾಕಿಕೊಂಡು ಬರುವುದಿಲ್ಲ. ವಯಸ್ಸಾದವರಲ್ಲಿ ಇವೆಲ್ಲ ವಯಸ್ಸಿನ ಲೆಕ್ಕಕ್ಕೇ ಹೋಗಿಬಿಡುತ್ತವೆ. ಸುಸ್ತು ಅಂತ ಇನ್ನೊಂದು ಶಕ್ತಿ ಮಾತ್ರೆ ಸೇರುವುದೂ ಉಂಟು.

ನಿಲ್ಲಿಸಿದ ಕೂಡಲೇ ಇಳಿಯುತ್ತದೆಯೇ ಅಂದರೆ ಅದೂ ಇಲ್ಲ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಮೈಯ ಕೊಬ್ಬಿನಲ್ಲಿ ಹೋಗಿ ಕೂತಿರುತ್ತದೆ. ರಕ್ತದಲ್ಲಿ ಅಳೆಯುವ ಡಿ ಅರ್ಧಕ್ಕಿಳಿಯಲು ಎರಡು ಮೂರು ವಾರ ಬೇಕು. ಕೊಬ್ಬಿನಿಂದ ನಿಧಾನವಾಗಿ ಹೊರಬರುತ್ತಲೇ ಇರುವುದರಿಂದ ವಿಷ ಇಳಿಯಲು ತಿಂಗಳುಗಳೇ ಹಿಡಿಯುತ್ತವೆ. ದೊಡ್ಡಮ್ಮನಿಗೆ ಸಲೈನ್ ಹಾಕಿದರು, ಸ್ಟೀರಾಯ್ಡ್ ಕೊಟ್ಟರು. ಮನೆಗೆ ಬಂದ ಮೇಲೂ ಎಷ್ಟೋ ವಾರ ಹಾಲು, ಮೊಸರು, ರಾಗಿ ಕಮ್ಮಿ ಮಾಡಬೇಕಾಯಿತು. ರಾಗಿ ಮುದ್ದೆ ಬಿಡು ಅಂದಿದ್ದು ಅವರಿಗೆ ಡ್ರಿಪ್ಪಿಗಿಂತ ಜಾಸ್ತಿ ಬೇಜಾರಾಗಿತ್ತು.

ಇಲ್ಲೊಂದು ಸೋಜಿಗ ಇದೆ. ಇಡೀ ದಿನ ಗದ್ದೆಯಲ್ಲಿ ಬಿಸಿಲಿಗೆ ನಿಂತವರಿಗೆ ಬಿಸಿಲಿನಿಂದ ಡಿ ವಿಷ ಆಗುವುದಿಲ್ಲ. ಚರ್ಮದಲ್ಲಿ ಡಿ ತಯಾರಾಗುವಾಗ ಬೇಕಾದಷ್ಟು ಆದ ಮೇಲೆ ಅದೇ ಬಿಸಿಲು ಹೆಚ್ಚಾದದ್ದನ್ನು ಕೆಲಸಕ್ಕೆ ಬಾರದ ಬೇರೆ ವಸ್ತುಗಳಾಗಿ ಮಾರ್ಪಡಿಸಿಬಿಡುತ್ತದೆ. ಚರ್ಮಕ್ಕೆ ಸಾಕು ಅನ್ನುವುದು ಗೊತ್ತು. ಬಾಯಿಗೆ ಅಂಥ ಬಾಗಿಲು ಇಲ್ಲ, ನುಂಗಿದ್ದೆಲ್ಲ ಒಳಗೆ. ಇನ್ನು ಸೂಜಿಯ ಮಾತು ಕೇಳಲೇಬೇಡಿ. 6 ಲಕ್ಷ ಯೂನಿಟ್ಟಿನ ಒಂದೇ ಇಂಜೆಕ್ಷನ್ ನಮ್ಮಲ್ಲಿ ಇದೆ. ಅದನ್ನು ಹಾಕಿಸಿಕೊಂಡವರು ಮರುವಾರ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ, ಆ ವಿಷಯ ಹೇಳದೆ ಗುಳಿಗೆ ಬರೆಸಿಕೊಂಡು ಬಂದರೆ ಲೆಕ್ಕ ತಪ್ಪಿತು ಅಂತಲೇ ಅರ್ಥ.

ಹಾಗಂತ ಕೊರತೆಯೇ ಸುಳ್ಳು ಎನ್ನುವವನು ನಾನಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬೆಂಗಳೂರಿನ ಕ್ಯಾಬ್ ಹತ್ತಿ, ಗಾಜಿನ ಕಟ್ಟಡದೊಳಗೆ ಕೂತು, ಕತ್ತಲಾದ ಮೇಲೆ ಮನೆಗೆ ಬರುವವರಿಗೆ ಬಿಸಿಲು ಎಲ್ಲಿಂದ ಬರಬೇಕು? ಕೊರತೆ ಇದ್ದವರಿಗೆ ವಾರಕ್ಕೊಂದರಂತೆ ಎಂಟು ವಾರ 60,000 ಕೊಡುವುದು ಸರಿಯಾದ ಚಿಕಿತ್ಸೆಯೇ. ತಕರಾರು ಇರುವುದು ಕೊರತೆ ಎಂದು ಯಾರನ್ನು ಕರೆಯುತ್ತಿದ್ದೇವೆ, ಆಮೇಲೆ ಯಾವಾಗ ನಿಲ್ಲಿಸುತ್ತೇವೆ ಎನ್ನುವುದರಲ್ಲಿ. ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಈಗ ಡಿ ಮತ್ತು ಬಿ12 ಕಡ್ಡಾಯ ಎಂಬಂತಾಗಿದೆ. ಮಿಲಿಲೀಟರಿಗೆ 30 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಲ್ಯಾಬಿನವರು ಅಂಕಿಯನ್ನು ದಪ್ಪಗೆ ಅಚ್ಚು ಹಾಕಿ ಕೊಡುತ್ತಾರೆ. 26 ಬಂದರೂ ಮನೆಯಲ್ಲಿ ಗಾಬರಿ. ಆದರೆ ನಿಜವಾದ ಕೊರತೆಯ ಗೆರೆ ಎಂದು ಬಹಳ ತಜ್ಞರು ಹಿಡಿಯುವುದು 20. ಆ 30ರ ಗೆರೆಯನ್ನು 2011ರಲ್ಲಿ ಎಳೆದದ್ದು ಅಮೆರಿಕದ ಎಂಡೋಕ್ರೈನ್ ಸೊಸೈಟಿ, ಅಂದರೆ ಹಾರ್ಮೋನ್ ತಜ್ಞರ ಸಂಘ. 2024ರಲ್ಲಿ ಅದೇ ಸೊಸೈಟಿ ಆ ಗೆರೆಯನ್ನು ಕೈಬಿಟ್ಟಿತು. ತೊಂದರೆ ಇಲ್ಲದ ಆರೋಗ್ಯವಂತರಿಗೆ ಸುಮ್ಮನೆ ಡಿ ಪರೀಕ್ಷೆ ಮಾಡಿಸಬೇಡಿ ಎಂದೂ ಹೇಳಿತು. ನಮ್ಮ ಲ್ಯಾಬ್ ರಿಪೋರ್ಟುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಕೊರತೆ ಇಲ್ಲದವರು ತೆಗೆದುಕೊಂಡರೆ ಲಾಭವೂ ಅಷ್ಟರಲ್ಲೇ ಇದೆ. ಅಮೆರಿಕದಲ್ಲಿ 25,871 ಜನರ ಮೇಲೆ ಐದು ವರ್ಷ ನಡೆದ ವೈಟಲ್ ಎಂಬ ಪ್ರಯೋಗದಲ್ಲಿ ಅರ್ಧ ಜನರಿಗೆ ದಿನಕ್ಕೆ 2,000 ಯೂನಿಟ್ ಡಿ ಕೊಟ್ಟರು. ಕ್ಯಾನ್ಸರ್ ಬರುವುದೂ ತಪ್ಪಲಿಲ್ಲ, ಹಾರ್ಟ್ ಅಟ್ಯಾಕೂ ತಪ್ಪಲಿಲ್ಲ. ಮೂಳೆ ಮುರಿತ ಕೂಡ ಕಡಿಮೆಯಾಗಲಿಲ್ಲ ಎಂದು 2022ರಲ್ಲಿ ಗೊತ್ತಾಯಿತು. ಆಸ್ಟ್ರೇಲಿಯಾದ ಪ್ರಯೋಗವಂತೂ ಉಲ್ಟಾ ಹೊಡೆಯಿತು. 70 ದಾಟಿದ 2,256 ಹೆಂಗಸರಲ್ಲಿ ಅರ್ಧ ಜನರಿಗೆ ವರ್ಷಕ್ಕೊಮ್ಮೆ ಒಟ್ಟಿಗೇ 5 ಲಕ್ಷ ಯೂನಿಟ್ ಕೊಟ್ಟಿದ್ದರು. ಬೀಳುವುದು ತಪ್ಪಲಿ, ಮೂಳೆ ಮುರಿಯದಿರಲಿ ಎಂಬುದು ಉದ್ದೇಶ. 2010ರಲ್ಲಿ ಫಲಿತಾಂಶ ಬಂದಾಗ ನೋಡಿದರೆ ಡಿ ಪಡೆದವರೇ ಜಾಸ್ತಿ ಬಿದ್ದಿದ್ದರು, ಅವರಲ್ಲೇ ಮುರಿತ ಶೇ. 26ರಷ್ಟು ಜಾಸ್ತಿ ಇತ್ತು.

ಇದು ನಮ್ಮ ದೇಶದ್ದೊಂದೇ ಕಥೆಯೂ ಅಲ್ಲ. 2023ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ 89 ವರ್ಷದ ಒಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಡಿ ಮಟ್ಟ ಆ ಲ್ಯಾಬಿನ ಯಂತ್ರ ಅಳೆಯಬಹುದಾದ ಕೊನೆಯ ಅಂಕಿಯನ್ನೇ ಮುಟ್ಟಿತ್ತು. ಅಂಗಡಿಯಲ್ಲಿ ಸಿಗುವ ಡಬ್ಬಿಯ ಮೇಲೆ ಅಪಾಯದ ಎಚ್ಚರಿಕೆಯೇ ಇಲ್ಲ ಎಂದು ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಬರೆದು ಸರ್ಕಾರಿ ಸಂಸ್ಥೆಗಳ ಗಮನಕ್ಕೆ ತಂದರು.

ಡಿ ವಿಷಯಕ್ಕೇ ಇಷ್ಟು ಹೊತ್ತು ನಿಂತಿದ್ದು ಯಾಕೆಂದರೆ ನಮ್ಮ ಮನೆಗಳಲ್ಲಿ ಜಾಸ್ತಿ ಇರುವುದು ಅದೇ. ಆದರೆ ದೊಡ್ಡಮ್ಮನ ಡಬ್ಬಿಯಲ್ಲಿ ಬೇರೆಯವೂ ಇದ್ದವಲ್ಲ.

ವಿಟಮಿನ್ ಎ ಕೂಡ ಕೊಬ್ಬಿನಲ್ಲಿ ಕರಗುವ ಜಾತಿಯದು, ಲಿವರಿನಲ್ಲಿ ಶೇಖರವಾಗುತ್ತದೆ. ದೊಡ್ಡವರಿಗೆ ದಿನಕ್ಕೆ 10,000 ಯೂನಿಟ್ ಮೇಲ್ಮಿತಿ. ಗರ್ಭಿಣಿಯರು ಮೊದಲ ತಿಂಗಳುಗಳಲ್ಲಿ ಅದನ್ನು ದಾಟಿದರೆ ಮಗುವಿಗೆ ಅಂಗವೈಕಲ್ಯ ಬರುವ ಅಪಾಯ ಇದೆ. ಕ್ಯಾರೆಟ್, ಪಪ್ಪಾಯಿ, ನುಗ್ಗೆ ಸೊಪ್ಪು ತಿಂದು ಹೀಗಾಗುವುದಿಲ್ಲ. ಅವುಗಳಲ್ಲಿರುವುದು ಬೀಟಾ ಕ್ಯಾರೋಟಿನ್, ಅದರಿಂದ ದೇಹ ತನಗೆ ಬೇಕಾದಷ್ಟು ಮಾತ್ರ ಎ ಮಾಡಿಕೊಳ್ಳುತ್ತದೆ. ತೀರಾ ಜಾಸ್ತಿ ತಿಂದರೆ ಅಂಗೈ ಹಳದಿಯಾಗುತ್ತದೆ, ಅಷ್ಟೆ. ಮೀನೆಣ್ಣೆಯಲ್ಲೂ ಒಂದು ಎಡವಟ್ಟು ಇದೆ. ಒಮೆಗಾ ಎಂದು ಮಾರುವ ಮೀನೆಣ್ಣೆ ಬೇರೆ, ಮೀನಿನ ಲಿವರಿನ ಎಣ್ಣೆ ಬೇರೆ. ಎರಡನೆಯದರಲ್ಲಿ ಎ ಮತ್ತು ಡಿ ಎರಡೂ ಇರುತ್ತವೆ. ನೋಡಲು ಎರಡೂ ಒಂದೇ ಥರದ ಹಳದಿ ಗುಳಿಗೆ. ಮೊಡವೆಗೆ ಐಸೋಟ್ರೆಟಿನೋಯಿನ್ ನುಂಗುತ್ತಿರುವ ಹುಡುಗ ಹುಡುಗಿಯರು ಎ ಇರುವ ಗುಳಿಗೆಯ ಹತ್ತಿರವೂ ಸುಳಿಯಬಾರದು, ಆ ಮೊಡವೆ ಔಷಧಿ ಎ ವಿಟಮಿನ್ನಿನ ಸಂಬಂಧಿಯೇ.

ಹಾಗಾದರೆ ಬೀಟಾ ಕ್ಯಾರೋಟಿನ್ನನ್ನೇ ಮಾತ್ರೆ ಮಾಡಿ ಕೊಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ. ತರಕಾರಿ ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ ಎಂಬ ನಂಬಿಕೆಯಿಂದ ಫಿನ್ಲೆಂಡಿನಲ್ಲಿ 29,133 ಧೂಮಪಾನಿಗಳನ್ನು ಸೇರಿಸಿಕೊಂಡು ಪ್ರಯೋಗ ನಡೆಸಿದರು. 1994ರಲ್ಲಿ ಹೊರಬಂದ ಫಲಿತಾಂಶ ನೋಡಿ ವಿಜ್ಞಾನಿಗಳೇ ಬೆಚ್ಚಿದರು. ಬೀಟಾ ಕ್ಯಾರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ! ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ ಜೊತೆ ಎ ವಿಟಮಿನ್ನನ್ನೂ ಕೊಟ್ಟಿದ್ದರು. ಅಲ್ಲಿ ಶೇ. 28 ಜಾಸ್ತಿ ಕಂಡು, 1996ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ವಿಟಮಿನ್ ಇ ಕಥೆಯೂ ಇದೇ ದಾರಿಯದು. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಲು ದಿನಕ್ಕೆ 400 ಯೂನಿಟ್ ಇ ಕೊಟ್ಟ ಗಂಡಸರಲ್ಲೇ ಆ ಕ್ಯಾನ್ಸರ್ ಶೇ. 17 ಜಾಸ್ತಿ ಎಂದು 2011ರಲ್ಲಿ ಲೆಕ್ಕ ಸಿಕ್ಕಿತು. ಚರ್ಮ ಹೊಳೆಯಲಿ ಎಂದು ಅದೇ 400ರ ಹಸಿರು ಗುಳಿಗೆ ನುಂಗುವವರು ನನ್ನ ಆಫೀಸಿನಲ್ಲೇ ಮೂವರಿದ್ದಾರೆ.

ಬಿ ಗುಂಪಿನವು ನೀರಿನಲ್ಲಿ ಕರಗುತ್ತವೆ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ ಎಂಬ ಧೈರ್ಯ ಎಲ್ಲರಿಗೂ ಇದೆ. ಬಾಯಿಹುಣ್ಣಿಗೆ ಬಿ ಕಾಂಪ್ಲೆಕ್ಸ್ ತಿಂದ ಮರುದಿನ ಮೂತ್ರ ಗಾಢ ಹಳದಿಯಾಗುವುದನ್ನು ನಾವೇ ನೋಡಿದ್ದೇವಲ್ಲ. ಆ ಬಣ್ಣ ಬಿ2ರದ್ದು, ಅದರ ಮಟ್ಟಿಗೆ ಮಾತು ನಿಜ. ಬಿ12 ಕೂಡ ಅಷ್ಟೇ. ಮಾತ್ರೆಯ ಮೇಲೆ 1,500 ಮೈಕ್ರೋಗ್ರಾಂ ಎಂದಿರುತ್ತದೆ, ದಿನದ ಅಗತ್ಯ ಎರಡು ಚಿಲ್ಲರೆ ಮಾತ್ರ, ಆದರೂ ಅದರಿಂದ ವಿಷವಾಗುವುದಿಲ್ಲ. ನುಂಗಿದ್ದರಲ್ಲಿ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಆದರೆ ಇದೇ ಧೈರ್ಯ ಬಿ6ರ ಹತ್ತಿರ ನಡೆಯುವುದಿಲ್ಲ. 1983ರಲ್ಲಿ ಅಮೆರಿಕದ ವೈದ್ಯರು ಏಳು ರೋಗಿಗಳ ಬಗ್ಗೆ ಬರೆದರು. ದಿನಕ್ಕೆ 2ರಿಂದ 6 ಗ್ರಾಂ ಬಿ6 ತಿಂದು, ಪಾದ ಜೋಮು ಹಿಡಿದು, ನೆಲದ ಮೇಲೆ ಕಾಲು ಎಲ್ಲಿದೆ ಎಂದೇ ತಿಳಿಯದೆ ತೂರಾಡುತ್ತಿದ್ದವರು ಅವರು. ಆಮೇಲೆ ಅದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲೂ ತೊಂದರೆ ಕಂಡಿತು. ಅಮೆರಿಕದವರ ಮೇಲ್ಮಿತಿ ದಿನಕ್ಕೆ 100 ಮಿಲಿಗ್ರಾಂ. ಯುರೋಪಿನವರು 2023ರಲ್ಲಿ ತಮ್ಮ ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿದರು. ತಮಾಷೆ ಏನೆಂದರೆ ಕಾಲು ಜೋಮಿಗೆ ನರದ ಮಾತ್ರೆ ಎಂದು ಕೊಡುವುದರಲ್ಲಿ ಬಿ6 ಇರುತ್ತದೆ. ಮಾತ್ರೆಯಿಂದಲೇ ಜೋಮು ಬಂದಿದ್ದರೆ, ಜೋಮು ಹೆಚ್ಚಾಯಿತು ಎಂದು ಮಾತ್ರೆಯನ್ನೂ ಹೆಚ್ಚಿಸುತ್ತಾರೆ.

ಕೂದಲಿನ ಬಯೋಟಿನ್ ಬೇರೆಯದೇ ಆಟ ಆಡುತ್ತದೆ. ದಿನಕ್ಕೆ ಬೇಕಾದದ್ದು 30–40 ಮೈಕ್ರೋಗ್ರಾಂ. ಮಾತ್ರೆಗಳಲ್ಲಿ 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ಮೈಗೆ ಅದರಿಂದ ನೇರ ತೊಂದರೆ ಅಷ್ಟಾಗಿ ಇಲ್ಲ, ಅದು ಕೆಡಿಸುವುದು ಲ್ಯಾಬ್ ರಿಪೋರ್ಟನ್ನು. ಎಷ್ಟೋ ರಕ್ತ ಪರೀಕ್ಷೆಗಳ ತಂತ್ರದೊಳಗೇ ಬಯೋಟಿನ್ ಬಳಕೆಯಾಗುತ್ತದೆ. ರಕ್ತದಲ್ಲಿ ಅದೇ ತುಂಬಿದ್ದರೆ ಯಂತ್ರಕ್ಕೆ ಗೊಂದಲ. ಇಲ್ಲದ ಥೈರಾಯ್ಡ್ ಕಾಯಿಲೆ ಕಾಣಿಸಬಹುದು. ಹಾರ್ಟ್ ಅಟ್ಯಾಕ್ ಪತ್ತೆ ಮಾಡುವ ಟ್ರೋಪೋನಿನ್ ಸುಳ್ಳೇ ಕಡಿಮೆ ತೋರಿಸಬಹುದು. ಹೀಗೆ ಒಬ್ಬರು ಸತ್ತದ್ದು ವರದಿಯಾದ ಮೇಲೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಹೊರಡಿಸಿತು. ರಕ್ತ ಕೊಡುವ ಮೊದಲು "ಕೂದಲಿಗೆ ಮಾತ್ರೆ ತಗೋತಿದ್ದೀರಾ?" ಎಂದು ನನ್ನನ್ನು ಯಾವ ಲ್ಯಾಬಿನಲ್ಲೂ ಇವತ್ತಿನವರೆಗೆ ಕೇಳಿಲ್ಲ.

ಕೊರೊನಾ ಕಾಲದಲ್ಲಿ ಶುರುವಾದ ಸಿ ಮತ್ತು ಜಿಂಕ್ ಅಭ್ಯಾಸ ಇನ್ನೂ ಬಿಟ್ಟಿಲ್ಲದವರು ಇದ್ದಾರೆ. ಸಿ ಅತಿಯಾದರೆ ಬೇಧಿ, ಕೆಲವರಿಗೆ ಕಿಡ್ನಿ ಕಲ್ಲು. ದಿನವೂ 50 ಮಿಲಿಗ್ರಾಂ ಜಿಂಕ್ ತಿಂಗಳುಗಟ್ಟಲೆ ತಿಂದರೆ ತಾಮ್ರದ ಕೊರತೆಯಾಗಿ ರಕ್ತಹೀನತೆ ಬರಬಹುದು.

ಈಗ ಡಬ್ಬಿಯ ಮೇಲಿನ ಬರಹದ ವಿಷಯ. ಒಂದೇ ಕಪಾಟಿನಲ್ಲಿ ಎರಡು ಕಾನೂನಿನ ಸರಕು ಅಕ್ಕಪಕ್ಕ ಕೂತಿರುತ್ತದೆ. ಕೆಲವು ಔಷಧಿ. ಇನ್ನು ಕೆಲವು ನಮ್ಮ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಂಬರ್ ಇರುವ ಆಹಾರ, ಅವುಗಳ ಮೇಲೆ 'ನಾಟ್ ಫಾರ್ ಮೆಡಿಸಿನಲ್ ಯೂಸ್', ಅಂದರೆ ಔಷಧಿಯಾಗಿ ಬಳಸಲು ಅಲ್ಲ ಎಂದೂ ಇರುತ್ತದೆ. ಕೊಳ್ಳುವವರಿಗೆ ಎರಡೂ ಮಾತ್ರೆಯೇ. ಸಾಲದ್ದಕ್ಕೆ ಅಳತೆಯೂ ಎರಡು. ದೊಡ್ಡಮ್ಮನ ಸ್ಟ್ರಿಪ್ಪಿನಲ್ಲಿ ಐಯು, ಅಮೆರಿಕದ ಡಬ್ಬಿಯಲ್ಲಿ ಮೈಕ್ರೋಗ್ರಾಂ. ಡಿ ವಿಷಯದಲ್ಲಿ ಒಂದು ಮೈಕ್ರೋಗ್ರಾಂ ಅಂದರೆ 40 ಐಯು. 25 ಎಂದು ಓದಿ ಕಡಿಮೆ ಅಂದುಕೊಂಡರೆ ಅದು ಸಾವಿರ. ಹಾಲಿನ ಪ್ಯಾಕೆಟ್, ಎಣ್ಣೆ ಪ್ಯಾಕೆಟ್ ಮೇಲೆ ಪ್ಲಸ್ ಎಫ್ ಗುರುತು ಕಂಡರೆ ಅದರಲ್ಲೂ ಎ, ಡಿ ಬೆರೆಸಿದ್ದಾರೆ ಎಂದರ್ಥ. ಅದು ಚೂರೇ ಚೂರು, ಹೆದರಬೇಕಾಗಿಲ್ಲ. ಮೊಮ್ಮಕ್ಕಳಿಗೆಂದು ಬರುವ ಗಮ್ಮಿ, ಅಂದರೆ ಜೆಲ್ಲಿ ಮಿಠಾಯಿಯಂಥ ವಿಟಮಿನ್ ಡಬ್ಬಿಗೆ ಮಾತ್ರ ಹೆದರಬೇಕು. ಚಾಕಲೇಟಿನಷ್ಟೇ ರುಚಿ, ಮಗು ಎರಡಕ್ಕೆ ನಿಲ್ಲಿಸಬೇಕಾದ್ದು ಯಾಕೆ?

ಡಾಕ್ಟರು ಚೀಟಿಯಲ್ಲಿ 'ಪ್ರತಿ ಭಾನುವಾರ' ಎಂದು ಕನ್ನಡದಲ್ಲಿ ಬರೆದಿದ್ದರೆ ದೊಡ್ಡಮ್ಮ ಆಸ್ಪತ್ರೆ ಸೇರುತ್ತಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಖರ್ಚಿಲ್ಲದ ಕೆಲಸ. ಅಂಗಡಿಯವರೂ 1-0-0 ಬದಲು ವಾರದ ಹೆಸರು ಗೀಚಬಹುದು, ಅದೇ ಪೆನ್ನು, ಅದೇ ಸ್ಟ್ರಿಪ್ಪು. ಯಾವ ಡಾಕ್ಟರ ಹತ್ತಿರ ಹೋದರೂ ಮನೆಯ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯುವುದು ನಾವು ಈಗ ಮಾಡುತ್ತಿರುವ ಉಪಾಯ. ಡಾಕ್ಟರಿಗೆ ಸ್ವಲ್ಪ ಕಿರಿಕಿರಿ ಆಗುತ್ತದೆ, ಆಗಲಿ.

ನಾಲ್ಕು ತಿಂಗಳಾದ ಮೇಲೆ ದೊಡ್ಡಮ್ಮನ ಕ್ಯಾಲ್ಸಿಯಂ ಸರಿಹೋಯಿತು. ಡಿ ಮಾತ್ರ ಆಗಲೂ ನೂರರ ಮೇಲೇ ಇತ್ತು, ಒಂದೇ ಒಂದು ಗುಳಿಗೆ ನುಂಗದೆ. ಮುದ್ದೆ ಮತ್ತೆ ತಟ್ಟೆಗೆ ಬಂತು. ಮೊನ್ನೆ ಹೋದಾಗ ಫ್ರಿಜ್ಜಿನ ಬಾಗಿಲಲ್ಲಿ ಆ ಜೇನು ಬಣ್ಣದ ಗುಳಿಗೆಯ ಎರಡು ಸ್ಟ್ರಿಪ್ ಇನ್ನೂ ಇದ್ದವು. ಎಸೆಯಲು ಕೈಗೆತ್ತಿಕೊಂಡೆ.

"ಅಯ್ಯೋ, ದುಡ್ಡು ಕೊಟ್ಟು ತಂದಿದ್ದು ಕಣೋ, ಬಿಸಾಡ್ಬೇಡ" ಅಂದರು. "ಪಕ್ಕದ ಮನೆಯವಳಿಗೂ ಮೊಣಕಾಲು ನೋವಂತೆ. ಅವಳಿಗೆ ಕೊಟ್ಬಿಡ್ಲಾ?"